ಕರೆಂಟ್ ಲಾರಿಯ ಮುಂದ ಬೆರಳಿಲ್ಲದ ಹೆಜ್ಜಿ

ಅಮಾಸಿ ಮರುದಿನ ಮುಂಜಾನೆ ಗೋಣೆಪ್ಪ ಯಾರ್ಡಿನ ಗೇಟ್ ತಗದ. ಲಾರಿ ಇತ್ತು. ಚಾರ್ಜರ್ ಇತ್ತು. ನಡುವಿನ ಕೇಬಲ್ ಎರಡು ತುಂಡಾಗಿತ್ತು. ಒಂದು ತುಂಡು ಲಾರಿ ಬಾಯಾಗ ಸಿಕ್ಕೊಂಡಿತ್ತು, ಇನ್ನೊಂದು ಚಾರ್ಜರಿಗೆ ಜೋತುಬಿದ್ದಿತ್ತು.

ಗೋಣೆಪ್ಪ ಡ್ರೈವರ್. ಮೀಸಿ ಬರೂಕಿಂತ ಮೊದಲ ಮಹಾಲಿಂಗಪ್ಪ ಸಾವಕಾರ್ರ ಲಾರಿ ಹತ್ತಿದಾವ. ಈಗ ಮೀಸಿ ಬೆಳ್ಳಗಾಗ್ಯಾವ. ಆವತ್ತು ಅವ ಮಾಡಿದ ತಪ್ಪು ಒಂದ. ಎಲ್ಲಾರಕಿಂತ ಮೊದಲ ನೋಡಿದ, ನೋಡಿ ಎಲ್ಲಾರಿಗೂ ಫೋನ್ ಮಾಡಿದ. ಕುಡದ ಚಾ ಹೊಟ್ಯಾಗ ಆರೂದ್ರಾಗ ಅವನ್ನ ನರಗುಂದ ಠಾಣೆದಾಗ ಕುಂದ್ರಿಸಿದ್ರು.

ಕಾರಣ ಇತ್ತು. ಗೇಟಿನ ಕೀಲಿ ಮುರದಿದ್ದಿಲ್ಲ. ಕೀಲಿಕೈ ಸಾವಕಾರ್ರ ಮನ್ಯಾಗೊಂದು, ಗೋಣೆಪ್ಪನ ಉಡದಾರಕ್ಕೊಂದು. ಮ್ಯಾಲ ಅವ ಚಾದಂಗಡ್ಯಾಗ ಕುಂತು, 'ಈ ಗಾಡಿ ನಮ್ಮೆಲ್ಲಾರ ಹೊಟ್ಟಿ ಮ್ಯಾಲ ಹಾದು ಹೊಕ್ಕೈತಿ' ಅಂದಿದ್ದ. ಕೇಳಿದಾವ್ರು ಅರ್ಧಾ ಊರು. ಕೇಳದಾವ್ರೂ ಸಾಕ್ಷಿ ಹೇಳಾಕ ತಯಾರಿದ್ರು.

ಲಾರಿ ಸಾವಕಾರ್ರ ಮಗ ಸಂಗನಬಸವ ತಂದಿದ್ದು. ಎಂಜಿನಿಯರಿಂಗ್ ಓದಿದ ಹುಡುಗ. ಡೀಸೆಲ್ ಇಲ್ಲ, ಹೊಗಿ ಇಲ್ಲ, ಸಪ್ಪಳ ಇಲ್ಲ, ಬರೇ ಕರೆಂಟು. ಉದ್ದ ಎಷ್ಟಂದ್ರ, ಮುಂದಿನ ಗಾಲಿ ರೋಣದಾಗ ಮಿರ್ಚಿ ತಿಂದು ಎದ್ದ ಮ್ಯಾಲೂ ಹಿಂದಿನ ಗಾಲಿ ನರಗುಂದ ಬಿಟ್ಟಿರತಿದ್ದಿಲ್ಲ. ನಾ ಸುಳ್ಳು ಹೇಳಾಂವಲ್ಲ. ಅಳ್ಯಾಕ ಹೋದಾವ ಇನ್ನೂ ಹೊಳ್ಳಿ ಬಂದಿಲ್ಲ.

ಮಗನ ಮಾತು ನಂಬಿ ಸಾವಕಾರ್ರು ಹಳೇ ಡೀಸೆಲ್ ಲಾರಿ ಎಲ್ಲಾ ಮಾರಿದ್ರು. ಕೇಬಲ್ ತುಂಡಾದದ್ದು ಕಂಡ ದಿನಾನ ಹೊಸಾ ಲಾರಿ ಪರೀಕ್ಷಾ ಇತ್ತು. ಹುಬ್ಬಳ್ಳಿ ಕಂಪನಿಯವ್ರು ಬರಾವ್ರಿದ್ರು. ಲಾರಿ ತುಂಬ ಗೋವಿನಜೋಳ ಹೇರಿ, ಗಜೇಂದ್ರಗಡದ ಗುಡ್ಡ ಏರಿ ಇಳದು, ಆ ಕಡೆ ಫ್ಯಾಕ್ಟರಿ ಮುಟ್ಟಿ, ಹೊಳ್ಳಿ ಬರಬೇಕು. ಬಂದ್ರ ಕಂಪನಿ ಮಾಲೆಲ್ಲಾ ಇವರದ.

\* \* \*

ಸಬ್ ಇನ್ಸ್‌ಪೆಕ್ಟರ್ ಮಯೂರಿ ಯಾರ್ಡಿಗೆ ಬಂದ್ರು. ಮಾತು ಕಡಿಮಿ. ನಗೂದು ಅದಕಿಂತ ಕಡಿಮಿ.

"ನಿನ್ನೆ ಇಲ್ಲೇನು ನಡದದ?"

"ಅಮಾಸಿ ಪೂಜಿರಿ," ಅಂದ್ರು ಮಹಾಲಿಂಗಪ್ಪ. "ಎಲ್ಲಾ ಗಾಡಿಗೂ ಮಾಡ್ತೀವಲ್ಲ, ಹಂಗ. ಈ ಸಲ ಚಾರ್ಜರಿಗೂ ಮಾಡಿದ್ವಿ. ವಿಭೂತಿ, ಮಾಲಿ, ನಿಂಬಿಹಣ್ಣು. ಸುತ್ತಲೂ ರಂಗೋಲಿ. ಮಧ್ಯಾಹ್ನ ಕೀಲಿ ಹಾಕಿ ಎಲ್ಲಾರೂ ಉಣ್ಣಾಕ ಹ್ವಾದ್ವಿ. ಅಮಾಸಿಗೆ ಗಾಡಿ ಹೊಡ್ಯಾಂಗಿಲ್ಲ. ಗೋಣೆಪ್ಪ ಲಕ್ಕಲಕಟ್ಟಿಗೆ ಅಕ್ಕನ ಮನಿಗೆ ಹೊಕ್ಕೀನಿ ಅಂದ. ಹೋಗಿದ್ದು ಯಾರು ನೋಡ್ಯಾರ?"

ಮಯೂರಿ ಕುಕ್ಕರಗಾಲಿಲೆ ಕುಂತ್ರು. ರಂಗೋಲಿ ಅಲ್ಲಲ್ಲಿ ಅಳಿಸಿತ್ತು. ಅದರ ಮ್ಯಾಲ ಹೆಜ್ಜಿ ಮೂಡಿದ್ವು. ಹಿಮ್ಮಡ ಇತ್ತು, ಅಂಗಾಲು ಇತ್ತು. ಬೆರಳು ಇದ್ದಿದ್ದಿಲ್ಲ.

ಕಾನ್‌ಸ್ಟೇಬಲ್ ಒಂದು ಹೆಜ್ಜಿ ಹಿಂದ ಸರದ. "ಮೇಡಂ, ಅಮಾಸಿ ದಿನ. ಬೆರಳಿಲ್ಲದ ಕಾಲು. ಇದು ನಮ್ಮ ಠಾಣೆ ಕೇಸ್ ಅಲ್ರಿ."

"ದೆವ್ವಕ್ಕ ಕಟರ್ ಯಾಕ ಬೇಕು?"

"ಈಗಿನ ದೆವ್ವ ಸುಧಾರಿಸ್ಯಾವ್ರಿ."

ಕೇಬಲ್‌ಗೆ ಸುತ್ತಿದ್ದ ಸೇವಂತಿಗಿ ಮಾಲಿ ಹರದಿದ್ದಿಲ್ಲ. ಯಾರೋ ಬಿಚ್ಚಿ, ಬಾಜೂಕ ಕಟ್ಟಿ ಮ್ಯಾಲ ಹಾಳಿ ಹಾಸಿ, ಅದರ ಮ್ಯಾಲ ಇಟ್ಟಿದ್ರು. ನಿಂಬಿಹಣ್ಣೂ ಅಲ್ಲೇ ಇತ್ತು. ಮಯೂರಿ ಅದನ್ನ ಭಾಳೊತ್ತು ನೋಡಿದ್ರು. ಆಮ್ಯಾಲ ಲಾರಿ ಹತ್ತಿ ಮೀಟರ್ ನೋಡಿದ್ರು. ಬ್ಯಾಟ್ರಿ ಬಹುತೇಕ ಖಾಲಿ.

"ಕೇಬಲ್ ಯಾವಾಗ ಹಚ್ಚಿದ್ರಿ?"

"ಪೂಜಿ ಆದಕೂಡಲೆ," ಅಂದ ಸಂಗನಬಸವ. ಬಿಳೇ ಬೂಟು, ಇಸ್ತ್ರಿ ಅಂಗಿ. ಮಾರಿ ಮಾತ್ರ ಮುದ್ದಿಯಾಗಿತ್ತು. "ಸಂಜಿಮಟ ಇದ್ದಿದ್ರ ತುಂಬತಿತ್ರಿ."

\* \* \*

ಮೊದಲ ಗುಮಾನಿ ತಾಮ್ರದ ಕಳ್ಳರ ಮ್ಯಾಲ. ಮಯೂರಿ ಖಾಜಾಬಿಯ ಗುಜರಿ ಅಂಗಡಿಗೆ ಹ್ವಾದ್ರು. ಊರಾಗ ಕಳುವಾದ ತಂತಿ ಮಾರಾಕ ಬಂದಾವ ಮೊದಲ ಬೈಗುಳ ತಿನ್ನೂದು ಅಲ್ಲೇ.

"ಎಷ್ಟು ತಂತಿ ಹೋಗೇತ್ರಿ ಬಾಯಿ?" ಅಂದ್ಳು ಖಾಜಾಬಿ.

"ಏನೂ ಹೋಗಿಲ್ಲ. ಕತ್ತರಿಸಿ ಅಲ್ಲೇ ಬಿಟ್ಟಾರ."

"ತೋಳಷ್ಟು ದಪ್ಪ ತಾಮ್ರ ಬಿಟ್ಟು ಹ್ವಾದ್ನ? ಅವ ಕಳ್ಳ ಅಲ್ರಿ, ಯಾರೋ ದೊಡ್ಡ ಮನಿಯಾವ. ನಮ್ಮವ್ರಾಗಿದ್ರ ಚಾರ್ಜರೂ ಹೋಗತಿತ್ತು, ಪೂಜಿ ತೆಂಗಿನಕಾಯೂ ಹೋಗತಿತ್ತು."

ಎರಡನೇ ಗುಮಾನಿ ಪ್ರಾಣೇಶನ ಮ್ಯಾಲ. ಡೀಸೆಲ್ ಲಾರಿಗಳಿಗೆ ಬಾಡಿಗಿ ಹಿಡಿಸಿ ಕೊಡಾಂವ. ಕರೆಂಟ್ ಲಾರಿ ಗೆದ್ರ ಅವನ ಅಂಗಡಿಗೆ ಕದ ಬೀಳತಿತ್ತು.

"ಅದನ್ನ ನಿಲ್ಲಸ್ಲಿಕ್ಕೆ ನಾ ಯಾಕ್ರಿ?" ಅಂದ ಪ್ರಾಣೇಶ. "ಗಜೇಂದ್ರಗಡದ ಗುಡ್ಡ ಅದ ಅಲ್ಲ. ಹೋದ ತಿಂಗಳ ಸಂಗನಬಸವ ಗುಪ್ತಾಗಿ ಮಾಲು ಹೇರಿ ನೋಡಿದ. ಏರಿನ್ಯಾಗ ನಿಂತಬಿಟ್ತು. ಆ ಕಡೆ ಚಾರ್ಜರ್ ಎಲ್ಲದ? ಒಂದು ಡೀಸೆಲ್ ಲಾರ್ಯಾಗ ಜನರೇಟರ್ ಹೇರಿ ನಾನ ತೊಗೊಂಡು ಹೋದ್ನಿ. ಮುಂದ ಕರೆಂಟ್ ಗಾಡಿ, ಹಿಂದ ಅದರ ಬುತ್ತಿ ಹೊತ್ತ ಡೀಸೆಲ್ ಗಾಡಿ. ಬರೋತನಾ ನಾನೂ ನಕ್ಕಿಲ್ಲ, ಅವನೂ ಅತ್ತಿಲ್ಲ."

"ಇದು ಯಾರಿಗೆ ಗೊತ್ತು?"

"ಅವಗ, ನನಗ. ಅಪ್ಪಗ ಹೇಳಬ್ಯಾಡ ಅಂತ ಆಣಿ ಹಾಕಿಸಿದ್ದ. ಪೊಲೀಸರಿಗೆ ಹೇಳಬ್ಯಾಡ ಅಂದಿದ್ದಿಲ್ಲ."

\* \* \*

ಠಾಣೆದಾಗ ಗೋಣೆಪ್ಪ ಬಾಕಿನ ತುದಿಗೆ ಕುಂತಿದ್ದ.

"ಮೇಡಂ, ದೊಡ್ಡ್ಯಾಗ ಕೂಡಿದ ದನದಂಗ ಕುಂತೀನ್ರಿ, ಮೇವು ಮುಗದ ಮ್ಯಾಲ ಬಿಡ್ತೀರೋ, ಮೊದಲ ಬಿಡ್ತೀರೋ? ಊರಾನ ಲಾರಿ ಮಾಲಕರೆಲ್ಲಾ ಬಂದು ನೋಡಿ ಹೋದ್ರು. ಪೊಲೀಸರು ಹಿಡದ ಡ್ರೈವರ್‌ಗ ಯಾರೂ ಸ್ಟೇರಿಂಗ್ ಕೊಡಂಗಿಲ್ಲ. ನನಗ ಬ್ಯಾರೆ ಕೆಲಸ ಬರಂಗಿಲ್ರಿ."

ಮಯೂರಿ ಅವನ ಕಾಲು ನೋಡಿದ್ರು. ಹವಾಯಿ ಚಪ್ಪಲಿ. ಬೆರಳು ಐದೂ ಐದ ದಿಕ್ಕಿಗೆ.

"ಸಾಕ್ಸ್ ಹಾಕ್ತೀಯೇನು?"

"ಲಗ್ನದಾಗೂ ಹಾಕಿಲ್ರಿ."

\* \* \*

ಮಯೂರಿ ಎಲ್ಲಾರನ್ನೂ ಯಾರ್ಡಿಗೆ ಕರಸಿದ್ರು.

"ಕತ್ತರಿಸಿದಾವ ತಾಮ್ರ ಒಯ್ದಿಲ್ಲ. ಅಂದಮ್ಯಾಲ ಕಳ್ಳ ಅಲ್ಲ. ಮಾಲಿ ಬಿಚ್ಚಿ ಹಾಳಿ ಮ್ಯಾಲ ಇಟ್ಟಾನ. ಅಂದಮ್ಯಾಲ ವೈರಿನೂ ಅಲ್ಲ. ಪೂಜಿ ಮಾಡಿದ ಜಾಗಾ ಅಂತ ಕಾಲಾಗಿಂದು ಕಳದು ಹೋಗ್ಯಾನ. ಬೂಟು ಕಳದ, ಸಾಕ್ಸ್ ಉಳಿಸಿಕೊಂಡ. ಅದಕ್ಕ ರಂಗೋಲಿ ಮ್ಯಾಲ ಬೆರಳು ಮೂಡಿಲ್ಲ. ಗೋಣೆಪ್ಪನ ಕಾಲು ಬಿದ್ದಿದ್ರ ಐದೂ ಬೆರಳು ಎಣಿಸಬಹುದಿತ್ತು."

ಮಯೂರಿ ಚಾರ್ಜರ್ ಕಡೆ ಹೊಳ್ಳಿದ್ರು.

"ಇನ್ನೊಂದು. ಕೇಬಲ್ ಹಚ್ಚಿದ್ರು, ಆದರ ಬ್ಯಾಟ್ರಿ ತುಂಬಲಿಲ್ಲ. ಯಾರೂ ಚಾರ್ಜ್ ಚಾಲೂ ಮಾಡಿಲ್ಲ. ಅದನ್ನ ಚಾಲೂ ಮಾಡೂದು ಒಂದ ಫೋನಿನ್ಯಾಗಿಂದ. ಹೌದಲ್ಲ ಸಂಗನಬಸವ?"

ಸಂಗನಬಸವ ತನ್ನ ಬೂಟು ನೋಡಕೋತ ನಿಂತಿದ್ದ.

"ತುಂಬಿದ ಗಾಡಿ ಇದ್ರ ಕೇಬಲ್ ಕತ್ತರಿಸಿದ್ರೂ ಪರೀಕ್ಷಾ ನಡೀತಿತ್ತು," ಅಂದ್ರು ಮಯೂರಿ. "ಅದಕ್ಕ ಖಾಲಿನ ಇಟ್ಟಿ. ಎಲ್ಲಾರೂ ಉಂಡು ಮಲಗಿದಾಗ ಮನ್ಯಾನ ಕೀಲಿಕೈ ತೊಗೊಂಡು ಬಂದಿ."

"ಖಾಲಿ ಇದ್ದಾಗ ಗಾಳಿ ಹೋದಂಗ ಹೋಗತೈತ್ರಿ," ಅಂದ ಅವ, ಸಣ್ಣ ದನೀಲೆ. "ಬ್ಯಾಟ್ರಿನ ಭಾಳ ತೂಕ. ಅದರ ಮ್ಯಾಲ ಮಾಲು ಹೇರಿದ್ರ ಗುಡ್ಡದಾಗ ಮುಗೀತು. ಅಲ್ಲೊಂದು ಚಾರ್ಜರ್ ಇದ್ದಿದ್ರ... ಕಂಪನಿಯವ್ರ ಮುಂದ, ಅಪ್ಪನ ಮುಂದ ಅದು ನಿಂತಬಿಟ್ರ ಅಂತ. ಕಳುವು ಅಂದ್ರ ಪರೀಕ್ಷಾ ಮುಂದ ಹೊಕ್ಕೈತಿ, ಅಷ್ಟ ಅನಕೊಂಡೆ."

"ಗೋಣೆಪ್ಪನ್ನ ಹಿಡದಾಗ?"

"ಸಂಜಿಕ್ಕ ಬಿಡ್ತೀರಿ ಅನಕೊಂಡಿದ್ದೆ."

ಮಹಾಲಿಂಗಪ್ಪ ಮಗನ್ನ ಬೈಲಿಲ್ಲ. "ಮತ್ತ ಬೂಟು ಯಾಕ ಕಳದ್ಯೋ?" ಅಂತ ಕೇಳಿದ್ರು.

"ನೀ ಪೂಜಿ ಮಾಡಿದ್ದಿ ಅಲ್ಲಪ್ಪ."

ಆಗ ಹುಬ್ಬಳ್ಳಿಯಿಂದ ಫೋನ್ ಬಂತು. ಕಂಪನಿಯವ್ರು ಬರಂಗಿಲ್ಲಂತ. ಅವರ ಕರೆಂಟ್ ಲಾರಿ ಎಲ್ಲಾ ಬಂದರದ ಸುತ್ತಮುತ್ತನ ಓಡತಾವಂತ. ಹತ್ತರದ ದಾರಿ, ಎರಡೂ ತುದಿಗೆ ಚಾರ್ಜರ್. ನರಗುಂದದ ದಾರಿ ಹೋದ ವಾರನ ಕೈಬಿಟ್ಟಿದ್ರಂತ. ಹೇಳೂದು ಮರತಿದ್ರಂತ.

\* \* \*

ಗೋಣೆಪ್ಪನ್ನ ಬಿಟ್ರು. ಸಾವಕಾರ್ರು ತಪ್ಪಾತು ಅನ್ನಲಿಲ್ಲ. "ನಾಳೆ ಕೆಲಸಕ್ಕ ಬಾ," ಅಂದ್ರು.

"ಯಾವ ಗಾಡಿ ಹೊಡೀಲ್ರಿ?"

"ಹೊಡ್ಯಾಕ ಎಲ್ಲೈತಿ? ಇದನ್ನ ಕಾಯಿ."

ಮರುದಿನ ಜಕ್ಕಲಿ ಕಡೆ ಹೊಂಟಿದ್ದ ಮಯೂರಿ ಮೇಡಂ ಯಾರ್ಡಿನ ಮುಂದ ಜೀಪ್ ನಿಲ್ಲಿಸಿದ್ರು. ಗೋಣೆಪ್ಪ ಡ್ರೈವರ್ ಸೀಟಿನ್ಯಾಗ ಕುಂತು ಎರಡೂ ಕೈಲೆ ಸ್ಟೇರಿಂಗ್ ಹಿಡಕೊಂಡಿದ್ದ. ಕಣ್ಣು ಮುಂದಿನ ಗ್ವಾಡಿ ಮ್ಯಾಲ.

"ಚಾಲೂ ಅದ ಏನೋ?" ಅಂತ ಕೇಳಿದ್ರು.

"ಗೊತ್ತಾಗಂಗಿಲ್ರಿ ಮೇಡಂ," ಅಂದ. "ಇದು ಚಾಲೂ ಇದ್ದಾಗೂ ಹಿಂಗ ಇರತಿತ್ತು."