ಹೇಳದೆ ಉಳಿದ ಆರು ವರ್ಷ

"ಮೇಷ್ಟ್ರೇ, ಅಂಗಿ ತಪ್ಪೋ, ನನ್ನ ಟೇಪೇ ತಪ್ಪೋ?"

ಹೆಂಡತಿಯ ಸೊಂಟಕ್ಕೆ ಟೇಪು ಸುತ್ತಿದ ಟೈಲರ್ ನಗುತ್ತಾ ಕೇಳಿದ. ಶಾಲೆಯಲ್ಲಿ ಗಣಿತ ಕಲಿಸುವ ಅವಳನ್ನು ಮದುವೆಗೆ ಮುಂಚಿನಿಂದಲೂ ಅವನು ಕರೆಯುತ್ತಿದ್ದುದು ಹಾಗೇ. ಅವಳ ಅಳತೆ ಅವನಿಗೆ ಬಾಯಿಪಾಠ. ಮೊನ್ನೆ ಹೊಲಿದ ಅಂಗಿಯ ಗುಂಡಿ ಇಂದು ಕೂಡುತ್ತಿರಲಿಲ್ಲ. ಟೇಪು ನಾಲ್ಕು ಇಂಚು ಹೆಚ್ಚು ತೋರಿಸಿತು.

"ಬಸುರಿಗೆ ಹೊಟ್ಟೆ ಬರಲ್ವಾ? ಅಷ್ಟೂ ಗೊತ್ತಿಲ್ಲ ಈ ಟೈಲರ್‌ಗೆ!" ಅವಳು ಓರೆಗಣ್ಣಲ್ಲಿ ನೋಡಿದಳು.

ಆರು ವರ್ಷ ಕಾದು, ಐವಿಎಫ್‌ನಲ್ಲಿ ಎರಡು ಸಲ ಸೋತು, ಮೂರನೆಯ ಸಲ ನಿಂತ ಗರ್ಭ. ಗೊತ್ತಾಗಿ ನಾಲ್ಕೇ ದಿನ. ನಾಲ್ಕು ದಿನಕ್ಕೆ ನಾಲ್ಕು ಇಂಚೇ ಎಂದು ಕೇಳಬೇಕೆನಿಸಿತು. ಅವಳ ಮುಖದ ಖುಷಿ ನೋಡಿ ಟೇಪು ಸುತ್ತಿಟ್ಟ.

ಮರುದಿನ ಬೆಳಿಗ್ಗೆ ಅವಳು ಮೆಟ್ಟಿಲ ನಡುವೆಯೇ ಕುಸಿದು ಕುಳಿತಳು. ತುಟಿ ನೀಲಿಗಟ್ಟಿತ್ತು.

"ಏನಿಲ್ಲ ರೀ, ಗ್ಯಾಸು."

ಅವನು ಎತ್ತಿಕೊಂಡಾಗ ಕಾಲರ್ ಹಿಡಿದು ಎಳೆದಳು. "ಆಸ್ಪತ್ರೆ ಬೇಡ. ಹೋದ್ರೆ ಮಗೂನ ತೆಗೆದುಬಿಡ್ತಾರೆ."

ಆಗಲೇ ಅವನಿಗೆ ಹೊಳೆದದ್ದು, ಇವಳಿಗೆ ಎಲ್ಲಾ ಗೊತ್ತಿತ್ತು ಎಂದು.

ಹೌದು, ಗೊತ್ತಿತ್ತು. ಐವಿಎಫ್‌ಗೆ ಕೊಡುವ ಇಂಜೆಕ್ಷನ್ನಿಗೆ ಅಂಡಾಶಯ ಉಬ್ಬಿ ಹೊಟ್ಟೆಯಲ್ಲಿ ನೀರು ತುಂಬಬಹುದು, ಉಸಿರು ಕಟ್ಟಿದರೆ ತಕ್ಷಣ ಬನ್ನಿ ಎಂದು ಡಾಕ್ಟರಮ್ಮ ಹೇಳಿದಾಗ ಅವನು ಔಷಧಿ ತರಲು ಹೋಗಿದ್ದ. ಅವಳು ಒಬ್ಬಳೇ ಕೇಳಿಸಿಕೊಂಡು ನುಂಗಿಕೊಂಡಿದ್ದಳು.

ಅವಳು ಬೇಡವೆಂದರೂ ಅವನು ಆಸ್ಪತ್ರೆಗೆ ಹೊತ್ತೊಯ್ದ. ಅಲ್ಲಿ ಹೊಟ್ಟೆಯಿಂದ ಮೂರು ಲೀಟರ್ ನೀರು ತೆಗೆದರು. ರಕ್ತ ಗಟ್ಟಿಯಾಗಿ ಶ್ವಾಸಕೋಶದಲ್ಲಿ ಹೆಪ್ಪುಗಟ್ಟಿತ್ತು. "ಇಷ್ಟು ಜೋರಾಗೋದು ಅಪರೂಪ," ಎಂದರು ಡಾಕ್ಟರಮ್ಮ. "ಗರ್ಭ ನಿಂತರೆ ಇನ್ನೂ ಹೆಚ್ಚಾಗುತ್ತೆ. ಎರಡು ದಿನ ಮೊದಲೇ ಬರಬೇಕಿತ್ತು."

ಐಸಿಯುವಿನಲ್ಲಿ ನಾಲ್ಕನೆಯ ದಿನ ಗರ್ಭ ಜಾರಿಹೋಯಿತು. ಅವಳು ಉಳಿದಳು. ಗೋಡೆಯ ಕಡೆ ಮುಖ ಮಾಡಿ ಮಲಗಿದವಳು ಅಳಲೂ ಇಲ್ಲ.

ವಾರ್ಡಿಗೆ ಬಂದ ಮೇಲೆ ಒಂದು ಮಧ್ಯಾಹ್ನ ತಾನಾಗಿಯೇ ಬಾಯಿಬಿಟ್ಟಳು. "ಇನ್ನೂ ಎರಡು ಭ್ರೂಣ ಫ್ರೀಜ್ ಮಾಡಿಟ್ಟಿದ್ದಾರೆ. ಇನ್ನೊಂದು ಸಲ ನೋಡೋಣ. ನಿಮಗೋಸ್ಕರ."

"ನನಗೋಸ್ಕರಾನಾ?"

"ಪಕ್ಕದ ಮನೆ ಪಾಪೂನ ಎತ್ಕೊಂಡು ಕಣ್ಣೊರೆಸ್ಕೊಂಡಿರಲ್ಲ ಅವತ್ತು. ನೋಡಿದ್ದೆ."

"ನೀನು ಅದನ್ನ ನೋಡ್ತಾ ನಿಂತಿದ್ಯಲ್ಲ, ಆ ಮುಖ ನೋಡಿ ಅತ್ತಿದ್ದು ಕಣೇ." ಅವನ ದನಿ ಒಡೆಯಿತು. "ಮಗು ಇಲ್ದಿದ್ರೂ ನನ್ನ ಬದುಕು ನಡೀತಿತ್ತು. ನೀನಿಲ್ದೆ ನಡೆಯಲ್ಲ."

ಅವಳು ಹಾಸಿಗೆಯಲ್ಲಿ ಎದ್ದು ಕುಳಿತಳು.

"ಇದನ್ನ ಆರು ವರ್ಷದ ಹಿಂದೆ ಹೇಳೋಕೆ ಏನಾಗಿತ್ತು ನಿಮಗೆ?"

"ನಿನ್ನ ಆಸೆಗೆ ಕಲ್ಲು ಹಾಕಿದ ಹಾಗಾಗುತ್ತೆ ಅಂತ..."

ಸೂಜಿ ಚುಚ್ಚಿದ್ದ ಕೈಯಿಂದಲೇ ಅವನ ಎದೆಗೆ ಗುದ್ದಿದಳು. ಗುದ್ದಿನಲ್ಲಿ ಬಲವೇ ಇರಲಿಲ್ಲ. ಆಮೇಲೆ ಅದೇ ಎದೆಗೆ ಒರಗಿ, ಇಷ್ಟು ದಿನ ಬಾರದಿದ್ದ ಅಳು ಅತ್ತಳು.

"ಆದ್ರೆ ನನಗೂ ಬೇಕಿತ್ತು ರೀ. ಕೊನೆಗೆ ನನಗೇ ಬೇಕಾಗಿಹೋಗಿತ್ತು. ಒಂಬತ್ತು ದಿನ ಅದರ ಹತ್ರ ಮಾತಾಡಿದ್ದೀನಿ."

"ಏನಂತ?"

"ನಿಮ್ಮಪ್ಪ ತಮಾಷೆಗೆ ಮುಂದು, ಮನಸ್ಸಿನ ಮಾತಿಗೆ ಮೂಗ. ನೀನೇ ಬಂದು ಮಾತಾಡಿಸಬೇಕು, ಅಂತ."

ಟೈಲರ್ ಅವಳ ಹಣೆಗೆ ತನ್ನ ಹಣೆ ಹಚ್ಚಿದ. ತಡವರಿಸುತ್ತಾ, ಮಾತಾಡತೊಡಗಿದ.