ಗಂಗೋತ್ರಿ ಬಾಗಿಲು ಹಾಕಿದಳು

“ಅಲ್ಲೇ ನಿಂತ್ಕೊ! ಒಳಕ್ಕೆ ಬರ್ಬ್ಯಾಡ!”

ಗಂಗೋತ್ರಿ ಎರಡೂ ಕೈ ಚಾಚಿ ಬಾಗಿಲಿಗೆ ಅಡ್ಡ ನಿಂತಳು. ಹೊಸ್ತಿಲು ದಾಟಲು ಎತ್ತಿದ್ದ ಕಾಲನ್ನು ಸುಮಾ ಹಿಂದಕ್ಕೆ ಎಳೆದುಕೊಂಡಳು.

“ಯಾಕ? ನಾನು ಆಡಾಕ ಬಂದೀನಿ.”

ಗೆಳತಿಯ ಮನೆಗೆ ಮೊದಲ ಸಲ ಹೋಗುತ್ತಾಳೆಂದು ಅವ್ವ ಅವಳಿಗೆ ಘಮಘಮ ಪೌಡರ್ ಹಚ್ಚಿ, ಮಲ್ಲಿಗೆ ಮುಡಿಸಿ, ಕೈಗೆ ಒಗ್ಗರಣೆ ಮಂಡಕ್ಕಿಯ ಡಬ್ಬಿ ಕೊಟ್ಟು ಕಳಿಸಿದ್ದಳು.

“ಈಗ ಆಗಲ್ಲ ಕಣೇ. ಹೋಗು, ಹೋಗು!”

ಒಳಗಿನಿಂದ ಅಜ್ಜಿ ನರಸಮ್ಮ, “ಸೊಪ್ಪು ತಗೊಂಬಾರೇ!” ಎಂದು ಕೂಗಿದರು. ಬಾಗಿಲು ಮುಚ್ಚಿತು.

ಸುಮಾಳಿಗೆ ಅಳು ಬಂತು. ಲೈನ್‌ಮನ್ ಅಪ್ಪನಿಗೆ ಟ್ರಾನ್ಸ್‌ಫರ್ ಆಗಿ, ರಾಯದುರ್ಗ ಬಿಟ್ಟು ಮಡಕಶಿರಾ ಹತ್ತಿರದ ಈ ಹಳ್ಳಿಗೆ ಬಂದು ಹೆಚ್ಚು ದಿನವಾಗಿರಲಿಲ್ಲ. ಇಲ್ಲಿ ಅವಳಿಗಿದ್ದ ಗೆಳತಿ ಗಂಗೋತ್ರಿ ಒಬ್ಬಳೇ.

ಆದರೆ ಸುಮಾಳಿಗೆ ಸಿಟ್ಟು ಮೂಗಿನ ತುದಿಯಲ್ಲೇ. ಮನೆ ಸೇರುವಷ್ಟರಲ್ಲಿ ಅಳು ಹೋಗಿ ಸಿಟ್ಟು ಬಂದಿತ್ತು. ಮರುದಿನ ಗಂಗೋತ್ರಿ ಸ್ಕೂಲಿಗೆ ಬರಲಿಲ್ಲ. ಸುಮಾ ಕಡ್ಡಿಯನ್ನು ಗುಡ್ಡ ಮಾಡಿ ಕ್ಲಾಸಿಗೆಲ್ಲ ಹೇಳಿಕೊಂಡು ಬಂದಳು.

“ಆಕಿಗೆ ಭಾಳ ಸೊಕ್ಕು. ಮನಿಗೆ ಬಂದೋರನ್ನ ನಾಯಿ ಓಡಿಸಿದಂಗ ಓಡಿಸ್ತಾಳ.”

ಕೆಲವು ದಿನ ಬಿಟ್ಟು ಗಂಗೋತ್ರಿ ಬಂದಳು. ನಿದ್ದೆಯಿಲ್ಲದೆ ಕಣ್ಣು ಕೆಂಪಾಗಿದ್ದವು. “ಬಾರೇ,” ಎಂದು ಬೆಂಚಿನಲ್ಲಿ ಸರಿದು ಜಾಗ ಮಾಡಿದಳು. ಸುಮಾ ಬ್ಯಾಗ್ ಎತ್ತಿಕೊಂಡು ಹಿಂದಿನ ಬೆಂಚಿಗೆ ಹೋದಳು. ಊಟದ ಬೆಲ್ ಹೊಡೆದಾಗ ಗಂಗೋತ್ರಿ ತಟ್ಟೆ ಹಿಡಿದು ಒಬ್ಬಳೇ ಕೂತಳು.

ಸುಮಾಳ ಪಕ್ಕದಲ್ಲಿ ಕೂತವನು ಗೋವರ್ಧನ್. ಅವನಿಗೆ ಎಲ್ಲರ ಸುದ್ದಿಯೂ ಬೇಕು.

“ಅವ್ಳು ಯಾಕೆ ಓಡ್ಸಿದ್ಲು?”

“ಸೊಕ್ಕು, ಮತ್ತೇನು? ಚಂದಾಗಿ ಪೌಡರ್ ಹಚ್ಕೊಂಡು ಹೋಗಿದ್ದೆ ನಾನು!”

ಗೋವರ್ಧನ್‌ಗೆ ಅನ್ನ ನೆತ್ತಿಗೇರಿತು. “ಪೌಡರ್ ಹಾಕ್ಕೊಂಡಾ? ರೇಷ್ಮೆ ಹುಳ ಮೇಯೋ ಮನೆಗಾ? ಅಮ್ಮೋ! ಆ ವಾಸ್ನೆಗೆ ಹುಳ ಸೊಪ್ಪೇ ಮುಟ್ಟಲ್ಲ ಕಣೇ. ಹುಳ ಇದ್ದಾಗ ನಮ್ ಸ್ವಂತ ಮಾವ ಬಂದ್ರೂ ಜಗಲಿ ಮೇಲೇ ಕೂರ್ಸೋದು. ರಾತ್ರಿಯೆಲ್ಲ ಎದ್ದೆದ್ದು ಸೊಪ್ಪು ಹಾಕ್ಬೇಕು, ಮನೇಲಿ ಯಾರಿಗೂ ನಿದ್ದೆ ಇರಲ್ಲ.”

“ಮತ್ತ ಆಕಿ ಅದನ್ನ ಹೇಳಬೇಕಿತ್ತಲ್ಲ?”

“ಇದನ್ನೂ ಹೇಳ್ಬೇಕಾ? ಈ ಊರಲ್ಲಿ ಅಂಬೆಗಾಲಿಡೋ ಮಗೂಗೂ ಗೊತ್ತು!”

ಸುಮಾಳಿಗೆ ಗೊತ್ತಿರಲಿಲ್ಲ. ರಾಯದುರ್ಗದ ಅವಳ ಬೀದಿಯಲ್ಲಿ ಜೀನ್ಸ್ ಹೊಲಿಯುವ ಮನೆಗಳಿದ್ದವು. ಅಲ್ಲಿಗೆ ಯಾರು ಬೇಕಾದರೂ ನುಗ್ಗಬಹುದಿತ್ತು.

ಗೋವರ್ಧನ್‌ನ ಬಾಯಿ ಇನ್ನೂ ನಿಂತಿರಲಿಲ್ಲ. “ನೀನ್ ಬಂದ ಹೊಸದ್ರಲ್ಲಿ ಯಾರ್ನೂ ಮಾತಾಡ್ಸ್ತಿರ್ಲಿಲ್ಲ. ನಾವೆಲ್ಲ ನಿಂಗೇ ಸೊಕ್ಕು ಅಂದಿದ್ವಿ. ಗಂಗೋತ್ರಿ ನಮ್ಮನ್ನೇ ಬೈದ್ಲು. ‘ಅವ್ಳು ಅವ್ರ ಊರ ಥರ ಮಾತಾಡಿದ್ರೆ ನೀವು ನಗ್ತೀರ, ಅದ್ಕೇ ಸುಮ್ನಿರ್ತಾಳೆ. ಹೊಸಾ ಊರಿಗೆ ನೀವೇ ಹೋಗಿದ್ರೆ?’ ಅಂದ್ಲು.”

ಸುಮಾಳ ಕೈಯಲ್ಲಿದ್ದ ತುತ್ತು ಬಾಯಿಗೆ ಹೋಗಲಿಲ್ಲ.

ಸಂಜೆ ಅವಳು ಗಂಗೋತ್ರಿಯ ಮನೆಗೆ ಹೋದಳು. ಅಂಗಳದ ಚಪ್ಪರದ ಕೆಳಗೆ ಚಂದ್ರಿಕೆಗಳನ್ನು ಸಾಲಾಗಿ ನಿಲ್ಲಿಸಿದ್ದರು. ಆ ಅಗಲವಾದ ಬಿದಿರಿನ ತಟ್ಟೆಗಳಲ್ಲಿ ಹುಳಗಳು ತಲೆ ಆಡಿಸುತ್ತ ಗೂಡು ಕಟ್ಟುತ್ತಿದ್ದವು. ಸುಮಾ ಬೀದಿಯಲ್ಲೇ ನಿಂತಳು.

“ಅಲ್ಯಾಕೆ ನಿಂತೆ? ಹುಳ ಮೇಯೋದು ಮುಗೀತು, ಈಗ ಬರ್ಬೋದು, ಬಾ,” ಎಂದಳು ಗಂಗೋತ್ರಿ.

“ನಾನು ಎಲ್ಲಾರಿಗೂ ನಿಂಗ ಸೊಕ್ಕು ಅಂತ ಹೇಳೀನಿ.”

“ಗೊತ್ತು. ಕಿವಿಗೆ ಬಿತ್ತು.”

“ಸಿಟ್ಟು ಬರ್ಲಿಲ್ಲೇನು?”

“ಬಂತು. ಆಮೇಲೆ, ಅವ್ರ ಊರಲ್ಲಿ ಹುಳ ಸಾಕಲ್ವೇನೋ ಅನ್ನಿಸ್ತು. ಸಾಕ್ತಾರಾ?”

“ಇಲ್ಲ.”

ಸುಮಾಳಿಗೆ ಗೋವರ್ಧನ್ ಹೇಳಿದ್ದು ನೆನಪಾಯಿತು. ಅವತ್ತೂ ಗಂಗೋತ್ರಿ ತನ್ನ ಪರವಾಗಿ ಒಂದು ಕಾರಣ ಹುಡುಕಿದ್ದಳು, ಇವತ್ತೂ ಹುಡುಕಿದ್ದಳು. ತಾನು ಅವಳಿಗಾಗಿ ಒಂದನ್ನೂ ಹುಡುಕಿರಲಿಲ್ಲ. ಇಂಥವಳು ತನಗೆ ಸಿಕ್ಕಳಲ್ಲ ಎಂದು ಎದೆ ತುಂಬಿ ಬಂತು. ಥ್ಯಾಂಕ್ಸ್ ಹೇಳಲು ಹೋದರೆ ಅಳುವೇ ಬಂದುಬಿಟ್ಟಿತು.

“ಅಯ್ಯೋ, ಅಳ್ಬ್ಯಾಡ್ವೇ!” ಎಂದು ಗಂಗೋತ್ರಿ ಅವಳ ಕೈ ಹಿಡಿದು ಒಳಗೆ ಎಳೆದುಕೊಂಡಳು. ಇಬ್ಬರಿಗೂ ನಗು ಬಂತು.

ಜಗಲಿಯಲ್ಲಿ ಮಲಗಿದ್ದ ಅಜ್ಜಿ ಸಿಡುಕಿದರು. “ಯಾವಳೇ ಅವ್ಳು, ಕಿಸಿಕಿಸಿ ಅನ್ನೋಳು? ಬಾಯ್ ಮುಚ್ರೇ ಸಾಕು!”

ಸುಮಾ ಅಜ್ಜಿಯ ಕಡೆ ನೋಡಿದಳು. ಆಮೇಲೆ ಗೆಳತಿಯ ಕಿವಿಯಲ್ಲಿ ಪಿಸುಗುಟ್ಟಿದಳು.

“ಪಾಪ, ಅಜ್ಜಿಗೂ ನಿದ್ದಿ ಇಲ್ಲೇನು?”