ಬೋರಲಿಟ್ಟ ಸ್ಟೂಲು

ಮಾರ್ಟಿ ಶೀಹಾನ್ ಸೋಮವಾರ ಊರು ಬಿಡುತ್ತಾನೆ ಎಂಬ ಸುದ್ದಿ ಬ್ರೀಡಾ ಕ್ವಿಲ್ ಕಿವಿಗೆ ಬಿದ್ದದ್ದು ಬೇಕರಿಯಲ್ಲಿ. ಊರಿಗೆಲ್ಲ ಹಳತಾದ ಮೇಲೆ ಅವಳಿಗೆ ಹೊಸದಾಗಿ ಬಂದ ಸುದ್ದಿ.

"ನಿಂಗೊತ್ತಿರುತ್ತೆ ಅಂದ್ಕೊಂಡಿದ್ದೆ ಕಣೇ," ಎಂದಳು ಬೇಕರಿಯವಳು.

ಬ್ರೀಡಾ ನಕ್ಕು ತಲೆಯಾಡಿಸಿದಳು. ಕೊಂಡ ಬ್ರೆಡ್ಡನ್ನು ಕೌಂಟರಿನ ಮೇಲೇ ಬಿಟ್ಟು ಹೊರಗೆ ಬಂದಳು. ಸಮುದ್ರದ ಕಡೆಯಿಂದ ಗಾಳಿ ಬೀಸುತ್ತಿತ್ತು. ಬೀದಿಯ ಆಚೆ ಈಚೆ ಕಟ್ಟಿದ್ದ ಹಸಿರು ಬಾವುಟಗಳು ಪಟಪಟ ಹೊಡೆದುಕೊಳ್ಳುತ್ತಿದ್ದವು. ಹಬ್ಬದ ಕಮಿಟಿಯ ಅಧ್ಯಕ್ಷೆಯಾಗಿ ಅವನ್ನು ಕಟ್ಟಿಸಿದವಳು ಅವಳೇ. ಆ ಹೊತ್ತಿಗೆ ಮಾತ್ರ ಎಲ್ಲವನ್ನೂ ಕಿತ್ತೆಸೆಯಬೇಕು ಅನ್ನಿಸಿತು.

ಮರುದಿನ ಬ್ಯಾಲಿನೂರಿನ ಐರಿಷ್ ಹಬ್ಬ. ಊರವರ ಮುತ್ತಜ್ಜಂದಿರು ಆಲೂಗಡ್ಡೆ ಬೆಳೆ ಕೊಳೆತು ಹಸಿವಿಗೆ ಹೆದರಿ ಐರ್ಲೆಂಡ್ ಬಿಟ್ಟು ಆಸ್ಟ್ರೇಲಿಯಾದ ಈ ಮೂಲೆಗೆ ಬಂದು, ಇಲ್ಲೂ ಅದೇ ಆಲೂಗಡ್ಡೆಯನ್ನೇ ನೆಟ್ಟವರು. ಹಾಗಾಗಿ ಹಬ್ಬವೆಂದರೆ ಪಿಟೀಲು, ಕುಣಿತ, ದೊಡ್ಡ ಹಂಡೆಯಲ್ಲಿ ಆಲೂಗಡ್ಡೆ, ಮಾಂಸ ಬೇಯಿಸಿದ ಸ್ಟ್ಯೂ. ಮುನ್ನಾದಿನ ಊರವರೆಲ್ಲ ಚರ್ಚ್ ಹಾಲ್‌ನಲ್ಲಿ ಕೂತು ಆಲೂಗಡ್ಡೆ ಸುಲಿಯುವುದು ಮೊದಲ ವರ್ಷದಿಂದ ಬಂದ ಪದ್ಧತಿ. ಟಬ್ಬಿಗೆ ಇಬ್ಬರು, ಎದುರುಬದುರು. ಹೋದ ವರ್ಷ ಯಾರ ಮುಂದೆ ಕೂತಿದ್ದರೋ ಈ ವರ್ಷವೂ ಅವರ ಮುಂದೆಯೇ. ಸಂಬಳವಿಲ್ಲ, ಸನ್ಮಾನವಿಲ್ಲ, ಸಂಜೆಗೆ ಬೆರಳು ಮರಗಟ್ಟಿರುತ್ತದೆ. ಆದರೂ ಬರುತ್ತಾರೆ. ಮೊದಲೆಲ್ಲ ಹಾಲ್ ತುಂಬುತ್ತಿತ್ತು, ಈಗ ಅರ್ಧ ಟಬ್ಬುಗಳು ಗೋಡೆಗೆ ಒರಗಿ ಒಂದರೊಳಗೊಂದು ಕೂತಿವೆ.

ಬ್ರೀಡಾಳ ಟಬ್ಬಿನ ಎದುರಿಗಿನ ಸ್ಟೂಲು ಬೋರಲಾಗಿ, ಕಾಲು ಮೇಲೆ ಮಾಡಿಕೊಂಡು ಇರುತ್ತದೆ. ಗಂಡ ಟೆರಿ ತೀರಿಕೊಂಡಾಗಿನಿಂದ ಹೀಗೆ. ಯಾರೂ ಅದರ ಮಾತೆತ್ತುವುದಿಲ್ಲ, ಬಳಸಿಕೊಂಡು ಓಡಾಡುತ್ತಾರೆ. ಸುತ್ತ ಹರಟೆ, ಚಾಡಿ, ನಗು. ಅವಳ ಟಬ್ಬಿನಲ್ಲಿ ನೀರು ಕಲಕುವ ಸದ್ದೊಂದೇ.

ಮಧ್ಯಾಹ್ನ ಮಾರ್ಟಿ ಬಂದ. ಹೆಗಲ ಮೇಲೆ ತನ್ನ ಹೊಲದ ಆಲೂಗಡ್ಡೆ ಮೂಟೆ, ಬೂಟಿನ ತುಂಬ ಕೆಂಪು ಮಣ್ಣು. ಬಾಗಿಲಲ್ಲೇ ಬೂಟು ಒರೆಸಿಕೊಂಡ, ಒರೆಸಿಕೊಂಡಷ್ಟೂ ಮಣ್ಣು ಉದುರಿತು. ಅರವತ್ತು ದಾಟಿದರೂ ಅವನಿಗೆ ಹಾಲ್‌ಗೆ ಬರುವಾಗ ಕೂದಲು ನೀರು ಹಾಕಿ ಬಾಚಿಕೊಳ್ಳುವ ಅಭ್ಯಾಸ. ಅದು ಬ್ರೀಡಾಳ ಕಣ್ಣಿಗೆ ಪ್ರತಿವರ್ಷವೂ ಬೀಳುತ್ತದೆ. ಹೆಂಡತಿ ಬಿಟ್ಟುಹೋಗಿ ಯಾವ ಕಾಲವಾಯಿತೋ, ಅವನು ಮತ್ತೆ ಯಾರಿಗಾಗಿ ತಲೆ ಬಾಚುತ್ತಾನೆ ಎಂದು ಅವಳು ಯೋಚಿಸಿದ್ದುಂಟು.

"ಎಲ್ಲಿಡ್ಲಿ?" ಎಂದ. ಪ್ರತಿವರ್ಷ ಇದೇ ಪ್ರಶ್ನೆ.

'ನನ್ನ ತಲೆ ಮೇಲಿಡು' ಅನ್ನುವುದು ಪ್ರತಿವರ್ಷದ ಉತ್ತರ. ಅವನು ಮೂಟೆಯನ್ನು ಅವಳ ತಲೆಯ ಮೇಲೆ ತಂದ ಹಾಗೆ ಮಾಡುವುದು, ಅವಳು ಸಿಪ್ಪೆ ಎಸೆಯುವುದು, ಎಲ್ಲ ಇದ್ದದ್ದೇ. ಈ ಸಲ ಬ್ರೀಡಾ ಕೈಯಿಂದ ಮೂಲೆ ತೋರಿಸಿದಳು.

ಅವನು ಮೂಟೆ ಇಳಿಸಿ ಬಂದು ನಿಂತ. ಹ್ಯಾಟು ಕೈಯಲ್ಲಿ ಸುತ್ತುತ್ತಿತ್ತು.

"ಬೇಕರಿಯವ್ಳು ಹೇಳಿದ್ಲು," ಎಂದಳು ಅವಳು.

"ನಾನೇ ಹೇಳ್ಬೇಕಿತ್ತು."

"ಹೇಳ್ಬೇಕಿತ್ತು, ಹೌದು."

"ಅಕ್ಕಂಗೆ ಲಕ್ವ ಹೊಡೆದಿದೆ ಬ್ರೀಡಾ. ಟೌನ್ಸ್‌ವಿಲ್‌ನಲ್ಲಿ ಒಬ್ಳೇ ಇದಾಳೆ. ಜಮೀನು ಪಕ್ಕದವ್ರಿಗೆ ಕೊಟ್ಟಾಯ್ತು. ಇವೇ ನನ್ನ ಕೊನೇ ಆಲೂಗಡ್ಡೆ."

ಟೌನ್ಸ್‌ವಿಲ್ ದೇಶದ ಆ ತುದಿ. ಅವಳು ಅಲ್ಲಿಗೆ ಹೋದವಳಲ್ಲ.

"ಅಲ್ಲಿ ಬೇಸಿಗೆ ಬಿಟ್ರೆ ಬೇರೆ ಕಾಲಾನೇ ಇಲ್ವಂತೆ," ಎಂದಳು.

"ಇಲ್ವಂತೆ."

"ಕೋಟು ಬೇಕಾಗಲ್ಲ ಹಾಗಾದ್ರೆ."

"ಬೇಕಾಗಲ್ಲ."

ಇಬ್ಬರ ಕಣ್ಣುಗಳು ಒಂದು ಗಳಿಗೆ ಕೂಡಿದವು. ಅವನ ಕಣ್ಣು ಅಲ್ಲಿಂದ ಇಳಿದು ಬೋರಲಿಟ್ಟ ಸ್ಟೂಲಿನ ಮೇಲೆ ನಿಂತಿತು, ಅದೂ ಪ್ರತಿವರ್ಷದಂತೆ. ಆಮೇಲೆ ಅವನು ಬಾಗಿಲ ಹತ್ತಿರ ಹಾಲಿನ ಬಾಟಲಿಯ ಕ್ರೇಟಿನ ಮೇಲೆ ಕೂತು ಒಬ್ಬನೇ ಸುಲಿಯತೊಡಗಿದ. ಅದು ಅವನ ಜಾಗ. ಕೂರು ಅಂತ ನಾನು ಇನ್ನು ಯಾವ ಭಾಷೆಯಲ್ಲಿ ಹೇಳಬೇಕಿತ್ತು ಎಂದು ಬ್ರೀಡಾಗೆ ಅಳು ಬಂದಂತಾಯಿತು. ಈರುಳ್ಳಿ ನೋಡುವ ನೆಪದಲ್ಲಿ ಎದ್ದು ಅಡುಗೆಮನೆಗೆ ಹೋದಳು. ಈರುಳ್ಳಿಯ ಮುಂದೆ ಅತ್ತರೆ ಯಾರೂ ಕೇಳುವುದಿಲ್ಲ.

ಅಡುಗೆಮನೆಗೂ ಹಾಲ್‌ಗೂ ನಡುವೆ ಬಡಿಸುವ ಕಿಟಕಿಯೊಂದಿದೆ. ಅದರ ಬಾಗಿಲು ಅರ್ಧ ಮುಚ್ಚಿತ್ತು. ಆಚೆ ಮರಿಸೆಲ್‌ಳ ದನಿ ಕೇಳಿತು. ಅವಳು ಫಿಲಿಪೀನ್ಸ್‌ನಿಂದ ಬಂದು ಈ ಊರ ಆಸ್ಪತ್ರೆಯಲ್ಲಿ ನರ್ಸ್ ಆಗಿರುವ ಹುಡುಗಿ. ಹಬ್ಬದ ಕೆಲಸಕ್ಕೆ ಮೊದಲ ಸಲ ಬಂದಿದ್ದಳು.

"ಈ ಸ್ಟೂಲು ತಗೊಳ್ಲಾ?"

"ಅದನ್ನ ಮುಟ್ಬೇಡಮ್ಮ," ಎಂದದ್ದು ಮಾರ್ಟಿ.

"ಮುರಿದಿದ್ಯಾ?"

"ಇಲ್ಲ. ಅದು ತೀರಿಹೋದವ್ರದ್ದು. ಬ್ರೀಡಾಳ ಅಮ್ಮ, ಈ ಹಬ್ಬ ಶುರು ಮಾಡಿದವ್ಳು, ಗಂಡ ಸತ್ತ ಮೇಲೆ ತಾನು ಸಾಯೋವರ್ಗೂ ಹೀಗೇ ಇಡ್ತಿದ್ಲು. ಈ ಜಾಗ ತುಂಬಲ್ಲ, ತುಂಬೋಕೆ ಬರ್ಬೇಡಿ ಅಂತ ಅರ್ಥ. ಇಲ್ಲಿ ಯಾರೂ ಮುಟ್ಟಲ್ಲ."

"ನೀವೂ ಮುಟ್ಟಿಲ್ವಾ?"

ಚಾಕಿನ ಸದ್ದು ನಿಂತಿತು. "ಮುಟ್ಬೇಕು ಅಂತ ಆಸೆ ಇರೋವ್ನೇ ಮುಟ್ಬಾರ್ದು, ಅಲ್ವಾ," ಎಂದ ಮಾರ್ಟಿ.

ಬ್ರೀಡಾ ಈರುಳ್ಳಿ ಹಿಡಿದುಕೊಂಡೇ ನಿಂತಳು. ಮೊದಲು ಬಂದದ್ದು ಸಂತೋಷವಲ್ಲ, ಸಿಟ್ಟು. ಅವನ ಮೇಲೆ, ಈ ಊರಿನ ಮೇಲೆ, ಸತ್ತುಹೋದ ಅಮ್ಮನ ಮೇಲೆ, ಎಲ್ಲರಿಗಿಂತ ಹೆಚ್ಚು ತನ್ನ ಮೇಲೆ. ಊರಿಗೆಲ್ಲ ಗೊತ್ತು ಎಂದು ತಾನು ತಿಳಿದಿದ್ದ ಮಾತು ತನ್ನೊಬ್ಬಳಿಗೇ ಗೊತ್ತಿತ್ತು. ಎಷ್ಟು ವರ್ಷ ಹಾಳಾಯಿತು. ಏಪ್ರನ್‌ಗೆ ಕೈ ಒರೆಸಿಕೊಂಡು ಹೊರಗೆ ಬಂದಳು.

"ಮಾರ್ಟಿ, ಆ ಹುಡುಗಿಗೆ ಸುಳ್ಳು ಇತಿಹಾಸ ಹೇಳ್ಬೇಡ. ಕಮಿಟಿ ಅಧ್ಯಕ್ಷೆ ಇನ್ನೂ ಬದುಕಿದಾಳೆ."

ಮಾರ್ಟಿ ಕಕ್ಕಾಬಿಕ್ಕಿಯಾದ. ಬ್ರೀಡಾ ತನ್ನ ಜಾಗದಲ್ಲಿ ಕೂತಳು, ಚಾಕು ತೆಗೆದುಕೊಂಡಳು. ಕೈಗೆ ಕೆಲಸವಿಲ್ಲದೆ ಅವಳಿಗೆ ಇಂಥ ಮಾತು ಆಡಲು ಬರುವುದಿಲ್ಲ.

"ಹಾಲಿನ ಪುಡಿ ಫ್ಯಾಕ್ಟರಿ ಮುಚ್ಚಿದ ವರ್ಷ ಅದು," ಎಂದಳು. "ಅರ್ಧ ಊರು ಗಂಟುಮೂಟೆ ಕಟ್ತಿತ್ತು. ಉಳಿದವ್ರು ಬಾಗಿಲು ಹಾಕ್ಕೊಂಡು ಒಳಗಿದ್ರು. ಅಮ್ಮ, ಅವಳ ನಾಲ್ಕು ಜನ ಗೆಳತೀರು ಸೇರಿ, ಒಂದು ಹಬ್ಬನಾದ್ರೂ ಮಾಡೋಣ, ಜನ ಒಬ್ರ ಮುಖ ಒಬ್ರು ನೋಡ್ಲಿ ಅಂದ್ರು. ಅದಕ್ಕೇ ಟಬ್ಬಿಗೆ ಇಬ್ರು."

"ಅದು ಗೊತ್ತು," ಎಂದ ಮಾರ್ಟಿ ಮೆಲ್ಲಗೆ.

"ಮುಂದಿಂದು ಗೊತ್ತಿಲ್ಲ ನಿಂಗೆ. ಅಪ್ಪ ಬರ್ಲಿಲ್ಲ. ಕೆಲಸ ಹೋಗಿದ್ದಕ್ಕೆ ಅವಮಾನ, ಹಾಸಿಗೆ ಬಿಟ್ಟೇ ಏಳ್ತಿರ್ಲಿಲ್ಲ. ಬೇರೆ ಯಾರೋ ಬಂದು ಅಮ್ಮನ ಎದುರು ಕೂರೋಕೆ ಹೊರಟ್ರು. ಅಮ್ಮ ಸ್ಟೂಲು ಎತ್ತಿ ಬೋರಲು ಹಾಕಿದ್ಲು. ಇದು ಒಬ್ರಿಗೆ ಅಂತ ಇಟ್ಟಿರೋದು, ಬರೋವ್ರು ಬಂದು ತಾವೇ ತಿರುಗಿಸ್ಕೊಂಡು ಕೂರ್ತಾರೆ ಅಂದ್ಲು. ಕತ್ತಲಾಗೋ ಹೊತ್ತಿಗೆ ಅಪ್ಪ ಬಂದ. ಸ್ಟೂಲು ತಿರುಗಿಸಿ ಕೂತ, ಸುಲಿದ. ನಾನು ಅಲ್ಲೇ ಇದ್ದೆ."

"ಅಪ್ಪ ಸತ್ತ ಮೇಲೆ?" ಎಂದು ಕೇಳಿದ ಮಾರ್ಟಿ.

"ಆಗ ಊರಿನವ್ರು ಹಾಗೆ ಅರ್ಥ ಮಾಡ್ಕೊಂಡ್ರು ಅಂತ ಕಾಣುತ್ತೆ. ಅಮ್ಮ ಮಾತ್ರ ಅಪ್ಪ ಇನ್ನೂ ಬರ್ತಾನೆ ಅಂತಾನೇ ಇಟ್ಟಿದ್ಲು. ಬೋರಲು ಹಾಕೋದು ಕಾಯೋವ್ರ ಕೆಲ್ಸ. ತಿರುಗಿಸೋದು ಬರೋವ್ರ ಕೆಲ್ಸ. ಕರೆದು ಕೂರಿಸಿದ್ರೆ ಅದು ಬಂದ ಹಾಗಲ್ಲ ಅಂತಿದ್ಲು."

ಮರಿಸೆಲ್ ಇಬ್ಬರ ಮುಖವನ್ನೂ ನೋಡಿದಳು. "ಈರುಳ್ಳಿ ಸೀಯ್ತಿದ್ಯೇನೋ, ನೋಡ್ತೀನಿ," ಎಂದು ಎದ್ದು ಹೋದಳು. ಒಲೆಯ ಮೇಲೆ ಏನೂ ಇರಲಿಲ್ಲ.

"ಟೆರಿಗೋಸ್ಕರ ಕಾಯ್ತಿದ್ಯಲ್ಲ," ಎಂದ ಮಾರ್ಟಿ.

"ಮೊದಲ್ನೇ ವರ್ಷ ಟೆರಿಗೆ." ಬ್ರೀಡಾ ತಲೆ ಎತ್ತಲಿಲ್ಲ. ಆಲೂಗಡ್ಡೆ ಸುಲಿದು ಸುಲಿದು ಗೋಲಿಯಷ್ಟಾಗಿತ್ತು. "ಆಮೇಲೆ ಮೂಟೆ ತರೋವ್ನಿಗೆ."

ಹಾಲ್‌ನ ಆ ಕಡೆ ಯಾರೋ ನಕ್ಕರು. ಮಾರ್ಟಿ ಎದ್ದ. ಹ್ಯಾಟನ್ನು ಕ್ರೇಟಿನ ಮೇಲೆ ಇಟ್ಟ. ಬಂದು ಸ್ಟೂಲಿನ ಕಾಲು ಹಿಡಿದು ಒಂದು ಗಳಿಗೆ ಹಾಗೇ ನಿಂತ. ಆಮೇಲೆ ತಿರುಗಿಸಿ ಕೂತ. ನಾಲ್ಕೈದು ಚಾಕುಗಳು ಒಟ್ಟಿಗೆ ನಿಂತವು.

"ಏನ್ ನೋಡ್ತೀರಿ, ಸುಲೀರಿ," ಎಂದಳು ಬ್ರೀಡಾ. ಚಾಕುಗಳು ಮತ್ತೆ ಓಡಿದವು.

ಅವನ ಮೊಣಕಾಲು ಅವಳ ಮೊಣಕಾಲಿಗೆ ತಾಗುತ್ತಿತ್ತು. ಟಬ್ಬಿನ ತಣ್ಣೀರಿನಲ್ಲಿ ಇಬ್ಬರೂ ಒಂದೇ ಆಲೂಗಡ್ಡೆಗೆ ಕೈ ಹಾಕಿದರು. ಯಾರೂ ಬಿಡಲಿಲ್ಲ.

"ನಿಂಗೆ ದಪ್ಪ ಸಿಪ್ಪೆ ತೆಗೆಯೋ ಕೆಟ್ಟ ಚಾಳಿ," ಎಂದಳು.

"ದೂರದಿಂದ ನೋಡಿ ಕಲಿತಿದ್ದು. ಸರಿಯಾಗಿ ಕಾಣ್ತಿರ್ಲಿಲ್ಲ."

ಅವಳು ನಕ್ಕಳು. ನಗುತ್ತಿದ್ದ ಹಾಗೇ ಕಣ್ಣು ತುಂಬಿತು.

"ಹೋಗ್ಲೇಬೇಕು ಬ್ರೀಡಾ. ಅಕ್ಕಂಗೆ ಮಾತು ಕೊಟ್ಟಿದೀನಿ. ಚಮಚ ಹಿಡಿಯೋಕೂ ಆಗಲ್ಲ ಅವಳಿಗೆ."

"ಹೋಗ್ಬೇಡ ಅಂತ ನಾನೆಲ್ಲಿ ಅಂದೆ. ಹೋಗದಿದ್ರೆ ನೀನು ನನಗೆ ಬೇಕಾದ ಮಾರ್ಟಿ ಆಗ್ತಿರ್ಲಿಲ್ಲ."

ಮಾತು ಬಾಯಿ ದಾಟಿದ ಮೇಲೆ ತಾನು ಏನಂದೆ ಎಂದು ಅವಳಿಗೆ ಹೊಳೆಯಿತು. ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಟಬ್ಬು ತುಂಬುವವರೆಗೆ ಇಬ್ಬರೂ ಸುಲಿದರು. ಇಬ್ಬರ ಕೈಯೂ ನಿಧಾನವಾಗಿತ್ತು.

ಸಂಜೆ ಎಲ್ಲರೂ ಏಳುವಾಗ ಮಾರ್ಟಿ ಸ್ಟೂಲನ್ನು ಎತ್ತಿ ಕಂಕುಳಲ್ಲಿ ಇಟ್ಟುಕೊಂಡ.

"ಅದೆಲ್ಲಿಗೆ? ಅದು ಕಮಿಟಿ ಸ್ವತ್ತು."

"ಗೊತ್ತು. ಅಕ್ಕನ ಅಡುಗೆಮನೇಲಿ ಬೋರಲು ಹಾಕಿಡ್ತೀನಿ." ಅವನು ಅವಳ ಕಣ್ಣನ್ನೇ ನೋಡಿದ, ಈ ಸಲ ನೋಟ ಕೆಳಗಿಳಿಯಲಿಲ್ಲ. "ಕಾಯೋ ಕೆಲಸ ಇನ್ನು ನಂದು. ಕರೆಯಲ್ಲ. ನಿಮ್ಮಮ್ಮನ ರೂಲ್ಸು."

ಬ್ರೀಡಾ ಅವನ ಕೋಟಿನ ಮೇಲಿದ್ದ ಸಿಪ್ಪೆಯೊಂದನ್ನು ತೆಗೆದಳು, ತೆಗೆದ ಕೈ ಅಲ್ಲೇ ಸ್ವಲ್ಪ ಹೊತ್ತು ಇತ್ತು.

ಹಬ್ಬ ನಡೆಯಿತು. ಸ್ಟ್ಯೂ ಖಾಲಿಯಾಯಿತು, ಮಕ್ಕಳು ಕುಣಿದರು, ಗಾಳಿಗೆ ಎರಡು ಬಾವುಟ ಹಾರಿಹೋದವು. ಸೋಮವಾರ ಬೆಳಿಗ್ಗೆ ಮಾರ್ಟಿಯ ಗಾಡಿ ಹಾಲ್ ಮುಂದಿನಿಂದ ಹೋಯಿತು. ಹಿಂದೆ ಟಾರ್ಪಾಲಿನ ಮೇಲೆ ಸ್ಟೂಲು, ಕಾಲು ಆಕಾಶಕ್ಕೆ ಮಾಡಿಕೊಂಡು. ಬ್ರೀಡಾ ಮೆಟ್ಟಿಲ ಮೇಲೆ ಪೊರಕೆ ಹಿಡಿದು ನಿಂತಿದ್ದಳು. ಗಾಡಿ ಫ್ಯಾಕ್ಟರಿಯ ತಿರುವಿನಲ್ಲಿ ಮರೆಯಾದ ಮೇಲೂ ನಿಂತಿದ್ದಳು. ಬೀದಿ ಇಷ್ಟು ಉದ್ದವಿದೆ ಎಂದು ಅವಳಿಗೆ ಯಾವತ್ತೂ ಅನ್ನಿಸಿರಲಿಲ್ಲ.

ಒಳಗೆ ಮರಿಸೆಲ್ ಸ್ಟೂಲುಗಳನ್ನು ಪೇರಿಸಿಡುತ್ತಿದ್ದಳು.

"ಬ್ರೀಡಾ ಅವರೇ, ಒಂದು ಸ್ಟೂಲು ಕಮ್ಮಿ ಇದೆ."

ಬ್ರೀಡಾ ಸೊಂಟದಿಂದ ಹಾಲ್‌ನ ಬೀಗದ ಕೈ ಬಿಚ್ಚಿ ಅವಳ ಕೈಯಲ್ಲಿಟ್ಟಳು.

"ಟೌನ್ಸ್‌ವಿಲ್‌ನಲ್ಲಿದೆ," ಎಂದಳು. "ಹೋಗ್ಬೇಕು ನಾನು."